ಹಳೆ ಬೆಂಜ್ ಇ 220ರ ಹಿಂದಿನ ಸಬ್‌ಫ್ರೇಮ್ ಬುಷ್: ರಬ್ಬರ್ ಹಾಕಿಸಲಾ, ಪಾಲಿ ಹಾಕಿಸಲಾ?

ಲೆಕ್ಕದ ಟೀಚರ್, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಸಬ್‌ಫ್ರೇಮ್ ಬುಷ್ ಬಗ್ಗೆ, ಅಂದರೆ ಹಿಂದಿನ ಚಕ್ರಗಳನ್ನು ಹೊತ್ತ ಚೌಕಟ್ಟನ್ನು ಬಾಡಿಗೆ ಕಟ್ಟುವ ಕಡೆ ನಡುವೆ ಕೂರುವ ನಾಲ್ಕು ಮೆತ್ತೆಗಳ ಬಗ್ಗೆ, ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ. ವಿವರ ಕೊಡದೆ ಕೇಳಿದರೆ ಹೇಳುವವರಿಗೂ ಕಷ್ಟ ಅಲ್ವಾ.

ನಮ್ಮ ಮನೆಯಲ್ಲಿ 1996ರ ಬೆಂಜ್ ಇ 220 ಇದೆ. ಡಬ್ಲ್ಯು 124 ಬಾಡಿ, ಪುಣೆಯಲ್ಲಿ ಜೋಡಿಸಿದ ಗಾಡಿ, ಪೆಟ್ರೋಲ್, ಐದು ಗೇರ್. ಅಪ್ಪ ಇದನ್ನು 2004ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಅಪ್ಪ ಹೋಗಿ ಮೂರು ವರ್ಷ ಆಯಿತು. ಈಗ ನಾನೇ ಓಡಿಸುತ್ತೇನೆ. ವಾರವೆಲ್ಲ ಶೆಡ್ಡಿನಲ್ಲಿರುತ್ತದೆ. ಶನಿವಾರ ಮಧ್ಯಾಹ್ನ ಸ್ಕೂಲ್ ಮುಗಿಸಿ ಅಮ್ಮನನ್ನು ಕೂರಿಸಿಕೊಂಡು ಊರಿಗೆ ಹೋಗುತ್ತೇನೆ. ಪಾಂಡವಪುರ ದಾಟಿ ಮೇಲುಕೋಟೆ ಕಡೆ ಸ್ವಲ್ಪ ದೂರ. ಶ್ರೀರಂಗಪಟ್ಟಣದ ತನಕ ರಸ್ತೆಗೆ ಹೆಸರಿಡುವ ಹಾಗಿಲ್ಲ. ಆಮೇಲೆ ಕಬ್ಬಿನ ಟ್ರ್ಯಾಕ್ಟರ್ ಓಡಾಡಿದ ರಸ್ತೆ. ಅದು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಗೊತ್ತು.

ತೊಂದರೆ ಹೇಳುತ್ತೇನೆ. ಮೊದಲ ಗೇರಲ್ಲಿ ಕ್ಲಚ್ ಬಿಟ್ಟ ತಕ್ಷಣ ಹಿಂದಿನ ಸೀಟಿನ ಕೆಳಗೆ 'ಧಡ್' ಅಂತ ಸದ್ದು. ರಿವರ್ಸ್ ಹಾಕಿದರೂ ಅದೇ. ಹಂಪ್ ಇಳಿಯುವಾಗ ಬೇರೆ ಥರದ ಸದ್ದು, ದಪ್ಪ ಪುಸ್ತಕ ನೆಲಕ್ಕೆ ಬಿದ್ದ ಹಾಗೆ. 80ರಲ್ಲಿ ಹೋಗುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿಯ ಹಿಂಭಾಗ ಒಂದು ಚೂರು ಪಕ್ಕಕ್ಕೆ ಜರುಗಿದಂತಾಗುತ್ತದೆ. ನಾನು ಸ್ಟೀರಿಂಗ್ ಮುಟ್ಟಿಯೇ ಇರುವುದಿಲ್ಲ. ಸದ್ದನ್ನಾದರೂ ತಡೆದುಕೊಳ್ಳಬಹುದು, ಇದು ಮಾತ್ರ ಭಯ ಹುಟ್ಟಿಸುತ್ತದೆ.

ಅಪ್ಪನ ಡೈರಿ ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲೇ ಇದೆ. ಎಣ್ಣೆ ಬದಲಿಸಿದ್ದರಿಂದ ಹಿಡಿದು ಬಲ್ಬ್ ಹಾಕಿದ್ದರ ತನಕ ಎಲ್ಲ ಬರೆದಿದ್ದಾರೆ. ಮೊನ್ನೆ ಕೂತು ಮೊದಲಿಂದ ಕೊನೆಯವರೆಗೆ ಓದಿದೆ. 2011ರಲ್ಲಿ ಹಿಂದಿನ ಲಿಂಕ್‌ಗಳನ್ನು, ಅಂದರೆ ಚಕ್ರವನ್ನು ಸಬ್‌ಫ್ರೇಮ್‌ಗೆ ಹಿಡಿದಿರುವ ಸರಳುಗಳನ್ನು, ಬದಲಿಸಿದ್ದಾರೆ. ಕಡಿಮೆ ಬೆಲೆಗೆ ಸಿಕ್ಕಿದ ಸೆಟ್. ಅದರ ಕೆಳಗೇ '14 ತಿಂಗಳಿಗೇ ರಬ್ಬರ್ ಕಿತ್ತು ಬಂದಿದೆ, ಮತ್ತೆ ಬದಲು' ಅಂತ ಇನ್ನೊಂದು ಸಾಲು. ಸಬ್‌ಫ್ರೇಮ್ ಬುಷ್ ಅನ್ನುವ ಮಾತು ಎಲ್ಲೂ ಇಲ್ಲ. ಅಂದರೆ ನಾಲ್ಕೂ ಫ್ಯಾಕ್ಟರಿಯಿಂದ ಬಂದವೇ ಇರಬೇಕು. 29 ವರ್ಷದ ರಬ್ಬರ್.

ನಾವು ಯಾವಾಗಲೂ ಬಿಡುವ ಗ್ಯಾರೇಜಿನಲ್ಲಿ ನೋಡಿ 'ನಾಲ್ಕೂ ಹೋಗಿವೆ' ಅಂದರು. ಮೂಲ ಕಂಪನಿಯ ರಬ್ಬರ್ ಬುಷ್ ತರಿಸಿದರೆ ದುಡ್ಡು ಜಾಸ್ತಿ, ಮೂರು ವಾರ ಕಾಯಬೇಕು ಅಂತಾರೆ. ಒಬ್ಬರು ಪಾಲಿ, ಅಂದರೆ ರಬ್ಬರ್‌ಗಿಂತ ಗಟ್ಟಿಯಾದ ಪಾಲಿಯುರಿಥೇನ್ ಹಾಕಿಸಿ, ಜೀವನ ಪೂರ್ತಿ ಬರುತ್ತದೆ ಅಂದರು. ಇನ್ನೊಬ್ಬರು ಲೇತ್ ಅಂಗಡಿಯಲ್ಲಿ ನೈಲಾನ್ ಬುಷ್ ಕಡೆದು ಕೊಡಿಸುತ್ತೇನೆ, ಎರಡು ದಿನದಲ್ಲಿ ಮುಗಿಯುತ್ತದೆ ಅಂದರು.

ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿದೆ. ಅವರು ಹಿಂದಿನ ಸೀಟಲ್ಲೇ ಕೂರುವುದು. ಹಾಗಾಗಿ ಗಾಡಿ ಗಟ್ಟಿಯಾಗಿ ಹಿಡಿಯಬೇಕು ಅನ್ನುವುದಕ್ಕಿಂತ ಮೆತ್ತಗೆ ನಡೆಯಬೇಕು ಅನ್ನುವುದೇ ನನಗೆ ಮುಖ್ಯ. ಆದರೆ ಆ ಜರುಗಾಟ ನಿಲ್ಲಲೇಬೇಕು. ಯಾವುದನ್ನು ಆರಿಸಲಿ?

ಮಂಡ್ಯದ ಮೆಕ್ಯಾನಿಕ್

ಅಕ್ಕ, ಯಾವ ಬುಷ್ ಅನ್ನುವುದನ್ನು ಆಮೇಲೆ ನೋಡೋಣ. ನಾಲ್ಕೂ ಹೋಗಿದೆ ಅಂತ ಅವರು ಹೇಗೆ ಹೇಳಿದರು? ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ ಹೇಳಿದ್ದರೆ ನಾನು ಒಪ್ಪುವುದಿಲ್ಲ. ಈ ಬುಷ್‌ನ ಮುಖ್ಯ ಭಾಗ ಕಣ್ಣಿಗೆ ಕಾಣುವುದೇ ಇಲ್ಲ. ಹೊರಗಿನ ಅಂಚು ಬಿರಿದಿದ್ದರೂ ಒಳಗೆ ಚೆನ್ನಾಗಿರಬಹುದು. ಅಂಚು ಚೆನ್ನಾಗಿದ್ದು ಒಳಗೆ ಕಬ್ಬಿಣದಿಂದ ರಬ್ಬರ್ ಬಿಟ್ಟುಕೊಂಡಿರಲೂಬಹುದು.

ನೀವು ಹೇಳಿದ ಆ ಕ್ಲಚ್ ಸದ್ದಿಗೆ ಕಾರಣ ನಾಲ್ಕು ಕಡೆ ಹುಡುಕಬೇಕು. ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಹಿಂದೆ ಮುಂದೆ ಎರಡು ರಬ್ಬರ್ ಡಿಸ್ಕ್ ಇವೆ. ಅವು ಬಿರಿದರೆ ಹೀಗೇ ಬಡಿಯುತ್ತದೆ. ನಡುವಿನ ಬೇರಿಂಗ್ ಹಿಡಿದಿರುವ ರಬ್ಬರ್ ಇನ್ನೊಂದು. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಅನ್ನು ಸಬ್‌ಫ್ರೇಮ್‌ಗೆ ಕಟ್ಟಿರುವ ರಬ್ಬರ್ ಮೌಂಟ್ ಮತ್ತೊಂದು. ಇವೆಲ್ಲ ನೋಡಿದ ಮೇಲೆ ಸಬ್‌ಫ್ರೇಮ್ ಬುಷ್. ನನ್ನ ಗ್ಯಾರೇಜಿಗೆ ಈ ಮಾಡೆಲ್ ಗಾಡಿ ವರ್ಷಕ್ಕೆ ಒಂದೋ ಎರಡೋ ಬರುತ್ತವೆ. ಕಳೆದ ಸಲ ಬಂದ ಗಾಡಿಗೆ ಬೇರೆ ಕಡೆ ಬುಷ್ ಎಲ್ಲ ಬದಲಿಸಿದ್ದರು. ಸದ್ದು ಹಾಗೇ ಇತ್ತು. ನೋಡಿದರೆ ಹಿಂದಿನ ರಬ್ಬರ್ ಡಿಸ್ಕ್ ಮೂರು ಕಡೆ ಸೀಳಿತ್ತು.

ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ಗಾಡಿಯನ್ನು ರ‍್ಯಾಂಪ್ ಮೇಲೆ ಚಕ್ರಗಳ ಮೇಲೆಯೇ ನಿಲ್ಲಿಸಿ. ಒಂದೊಂದು ಬುಷ್ ಹತ್ತಿರವೂ ಬಾಡಿಯಿಂದ ಸಬ್‌ಫ್ರೇಮ್‌ಗೆ ಸೇರುವ ಹಾಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಫೋನನ್ನು ವಿಡಿಯೋ ಹಾಕಿ ಕೆಳಗೆ ಇಟ್ಟು ಎಲ್ಲರೂ ದೂರ ಬನ್ನಿ. ಕೆಳಗೆ ಮನುಷ್ಯ ಇರಬಾರದು. ಒಳಗೆ ಕೂತವರು ಬ್ರೇಕ್ ಗಟ್ಟಿಯಾಗಿ ತುಳಿದುಕೊಂಡು ಮೊದಲ ಗೇರಲ್ಲಿ ಕ್ಲಚ್ ಸ್ವಲ್ಪ ಕಚ್ಚಿಸಿ ಬಿಡಲಿ. ಆಮೇಲೆ ರಿವರ್ಸ್‌ನಲ್ಲಿ. ವಿಡಿಯೋದಲ್ಲಿ ಗೆರೆ ಎಲ್ಲಿ ಮುರಿಯುತ್ತದೆ ನೋಡಿ. ಒಂದೆರಡು ಮಿಲಿಮೀಟರ್ ಮೆತ್ತಗೆ ಹೋಗಿ ಬಂದರೆ ಅದು ರಬ್ಬರ್‌ನ ಕೆಲಸ. ತಟ್ಟನೆ ಜಿಗಿದು ಬಡಿದರೆ ಆ ಬುಷ್ ಹೋಗಿದೆ. ಅದೇ ವಿಡಿಯೋದಲ್ಲಿ ಡಿಫರೆನ್ಷಿಯಲ್ ಮೂತಿ ಎಷ್ಟು ಏಳುತ್ತದೆ ಅಂತಲೂ ಕಾಣುತ್ತದೆ.

ಹಂಪ್ ಇಳಿಯುವಾಗಿನ ಸದ್ದು ಬೇರೆ ಇರಬಹುದು. ಶಾಕ್ ಅಬ್ಸಾರ್ಬರ್ ಮೇಲಿನ ರಬ್ಬರ್ ನೋಡಿಸಿ. ಜರುಗಾಟಕ್ಕೆ ಲಿಂಕ್‌ಗಳೂ ಕಾರಣ ಆಗುತ್ತವೆ. ಈ ಗಾಡಿಗೆ ಹಿಂದೆ ಒಂದು ಚಕ್ರಕ್ಕೆ ಐದು ಲಿಂಕ್. ಒಂದೊಂದಕ್ಕೂ ಎರಡು ತುದಿ. ಎಲ್ಲ ಸೇರಿಸಿ ಎಣಿಸಿಕೊಳ್ಳಿ, ನೀವು ಲೆಕ್ಕದ ಟೀಚರ್.

ಬೆಟ್ಟದ ರೋಡ್ 124

ಮೇಡಂ, ನನ್ನದೂ ಅದೇ ಗಾಡಿ, ಒಂದು ವರ್ಷ ಹೊಸದು. ನಾನು ಪಾಲಿ ಹಾಕಿಸಿ ನೋಡಿದ್ದೇನೆ. ಆಗಿದ್ದನ್ನು ಆದ ಹಾಗೇ ಹೇಳುತ್ತೇನೆ.

ನಾಲ್ಕೂ ಸಬ್‌ಫ್ರೇಮ್ ಬುಷ್ ಪಾಲಿ ಹಾಕಿಸಿದೆ. ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಚಾಮುಂಡಿ ಬೆಟ್ಟ ಹತ್ತಿದೆ. ನಂದಿ ಕಡೆಗೆ ಇಳಿಯುವ ತಿರುವಿನಲ್ಲಿ ಗಾಡಿ ಕೂತ ಹಾಗೆ ಹಿಂದೆ ಯಾವತ್ತೂ ಕೂತಿರಲಿಲ್ಲ. ಹಿಂಭಾಗ ಏನು ಮಾಡುತ್ತಿದೆ ಅಂತ ಸೊಂಟಕ್ಕೇ ಗೊತ್ತಾಗುತ್ತಿತ್ತು. ತುಂಬಾ ಖುಷಿ ಆಯಿತು.

ಮುಂದಿನ ವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಬೆಂಗಳೂರಿಗೆ ಹೊರಟೆ. ಮದ್ದೂರು ಬರುವಷ್ಟರಲ್ಲಿ ಹಿಂದೆ ಕೂತ ಅತ್ತೆ 'ಏನೋ ಗುಂಯ್ ಅನ್ನುತ್ತಿದೆ' ಅಂದರು. ಡಿಫರೆನ್ಷಿಯಲ್ ಗೇರಿನ ಸದ್ದು ಅದು. ಮೊದಲೂ ಇತ್ತು. ರಬ್ಬರ್ ಅದನ್ನು ಒಳಗೆ ಬಿಡುತ್ತಿರಲಿಲ್ಲ, ಅಷ್ಟೇ. ಪಾಲಿ ಎಲ್ಲವನ್ನೂ ನೇರ ಬಾಡಿಗೆ ತಲುಪಿಸಿತು. 80ರಿಂದ 95ರ ನಡುವೆ ಸೀಟು, ಬಾಗಿಲು ಎಲ್ಲ ಸಣ್ಣಗೆ ನಡುಗುತ್ತಿತ್ತು. ಎಕ್ಸ್‌ಪ್ರೆಸ್‌ವೇನಲ್ಲಿ ನಾವು ಇರುವುದೇ ಆ ವೇಗದಲ್ಲಿ. ಎಂಟು ತಿಂಗಳು ತಡೆದುಕೊಂಡೆ. ಮಳೆಗಾಲ ಕಳೆದ ಮೇಲೆ ಕೀರಲು ಸದ್ದೂ ಶುರುವಾಯಿತು. ಮತ್ತೆ ಸಬ್‌ಫ್ರೇಮ್ ಇಳಿಸಿ ರಬ್ಬರ್ ಹಾಕಿಸಿದೆ. ಕೂಲಿ ಎರಡು ಸಲ ಕೊಟ್ಟ ಹಾಗಾಯಿತು.

ಪಾಲಿಯನ್ನು ನಾನು ಪೂರ್ತಿ ಬೈಯುವುದಿಲ್ಲ. ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಆ್ಯಂಟಿ ರೋಲ್ ಬಾರ್‌ಗೆ ಈಗಲೂ ಅದೇ ಇದೆ. ಅಲ್ಲಿ ಸದ್ದೂ ತರುವುದಿಲ್ಲ, ತಿರುವಿನಲ್ಲಿ ಹಿಡಿತವೂ ಸಿಗುತ್ತದೆ. ಆದರೆ ಅಮ್ಮ ಹಿಂದೆ ಕೂರುತ್ತಾರೆ, ಬೆನ್ನಿಗೆ ಆಪರೇಷನ್ ಆಗಿದೆ ಅಂತ ಬರೆದಿದ್ದೀರಿ. ಸಬ್‌ಫ್ರೇಮ್‌ಗೆ ಪಾಲಿ ಬೇಡ ಮೇಡಂ. ನನ್ನ ಗಾಡಿಗೆ ಈಗ ಇರುವುದು ಲೆಮ್‌ಫೋರ್ಡರ್ ರಬ್ಬರ್. ಜೆಡ್‌ಎಫ್ ಸಮೂಹದ ಬ್ರ್ಯಾಂಡ್ ಅದು. ನಾನು ಬೆಂಗಳೂರಿನ ಜೆಸಿ ರೋಡ್‌ನಲ್ಲಿ ಆರ್ಡರ್ ಕೊಟ್ಟು ತರಿಸಿದೆ. ಡಬ್ಬದ ಮೇಲಿನ ಹೆಸರು ಮಾತ್ರ ನೋಡಿ ತರಬೇಡಿ. ಬುಷ್ ಮೇಲೇ ಅಚ್ಚು ಇರುತ್ತದೆ, ಅದನ್ನು ನೋಡಿ. ನಿಮ್ಮ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಮುಂದಿನ ಜೋಡಿ ಬೇರೆ, ಹಿಂದಿನ ಜೋಡಿ ಬೇರೆ.

ಲೆಕ್ಕದ ಟೀಚರ್, ಕುವೆಂಪುನಗರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೀಮೆಸುಣ್ಣಕ್ಕೆ ನಮ್ಮ ಮನೆಯಲ್ಲಿ ಬರವಿಲ್ಲ. ಇವತ್ತೇ ಗ್ಯಾರೇಜಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಬ್ರೇಕ್ ತುಳಿದು ಒಳಗೆ ಕೂತವಳು ನಾನೇ. ವಿಡಿಯೋವನ್ನು ನಿಧಾನ ಮಾಡಿ ಹತ್ತು ಸಲ ನೋಡಿದೆವು.

ಮುಂದಿನ ಎರಡು ಬುಷ್ ಹತ್ತಿರ ಗೆರೆ ತಟ್ಟನೆ ಮುರಿಯುತ್ತದೆ. ಎಡಗಡೆ ಜಾಸ್ತಿ. ಸ್ಕೇಲ್ ಇಟ್ಟು ನೋಡಿದರೆ ಸುಮಾರು 6 ಮಿಲಿಮೀಟರ್. ಹಿಂದಿನ ಎರಡು ಮೆತ್ತಗೆ ಹೋಗಿ ಬರುತ್ತವೆ. ರಬ್ಬರ್ ಡಿಸ್ಕ್ ಎರಡೂ ಚೆನ್ನಾಗಿವೆ. ಆದರೆ ಡಿಫರೆನ್ಷಿಯಲ್ ಮೂತಿ ಎದ್ದೆದ್ದು ಬೀಳುತ್ತದೆ. ಗ್ಯಾರೇಜಿನವರಿಗೂ ಆಶ್ಚರ್ಯ ಆಯಿತು.

ಈಗ ನನ್ನ ಪ್ರಶ್ನೆ ಎರಡು. ಹಿಂದಿನ ಎರಡು ಚೆನ್ನಾಗಿದ್ದರೆ ಮುಂದಿನವನ್ನು ಮಾತ್ರ ಬದಲಿಸಿದರೆ ಸಾಕಾ? ಮತ್ತೆ, ಆ ನೈಲಾನ್ ಬುಷ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದು ಯಾಕೆ ಬೇಡ ಅಂತ ಅರ್ಥ ಮಾಡಿಕೊಳ್ಳಬೇಕು ಅನ್ನಿಸಿದೆ.

ರಬ್ಬರ್ ಕೆಲಸದವನು

ತಾಯಿ, ನಾನು ಕಾರ್ ಮೆಕ್ಯಾನಿಕ್ ಅಲ್ಲ. ಕೆಆರ್‌ಎಸ್ ರಸ್ತೆಯ ಟೈರ್ ಕಾರ್ಖಾನೆಯಲ್ಲಿ ರಬ್ಬರ್ ಬೆರೆಸುವ ವಿಭಾಗದಲ್ಲಿ 31 ವರ್ಷ ಇದ್ದೆ. ಅದಕ್ಕೆ ವಿಕ್ರಾಂತ್ ಅಂತ ಹೆಸರಿದ್ದ ಕಾಲದಲ್ಲಿ ಸೇರಿದವನು. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ.

ಸಬ್‌ಫ್ರೇಮ್ ಅಂದರೆ ಚಕ್ರ, ಲಿಂಕ್, ಡಿಫರೆನ್ಷಿಯಲ್ ಎಲ್ಲ ಹೊತ್ತ ಒಂದು ಉಕ್ಕಿನ ಚೌಕಟ್ಟು. ಅದನ್ನು ಬಾಡಿಗೆ ನಾಲ್ಕು ಕಡೆ ಕಟ್ಟಿದ್ದಾರೆ. ಗುಂಡಿಗೆ ಚಕ್ರ ಬಿದ್ದಾಗ ಬರುವ ಏಟು ಆ ನಾಲ್ಕು ಜಾಗದಿಂದಲೇ ಬಾಡಿಗೆ ಹೋಗಬೇಕು. ನಡುವೆ ರಬ್ಬರ್ ಇದ್ದರೆ ಅದು ಹಿಗ್ಗಿ ಕುಗ್ಗಿ ಏಟಿನ ಒಂದು ಪಾಲನ್ನು ಶಾಖ ಮಾಡಿ ಕಳೆದುಬಿಡುತ್ತದೆ. ನೈಲಾನ್ ಹಿಗ್ಗುವುದಿಲ್ಲ. ಏಟು ಪೂರ್ತಿ ಬಾಡಿಯ ಬೋಲ್ಟ್ ಜಾಗಕ್ಕೆ ಹೋಗುತ್ತದೆ. ಅದು ತೆಳು ತಗಡನ್ನು ಬೆಸೆದು ಮಾಡಿದ ಜಾಗ. 29 ವರ್ಷದ ತಗಡು. ಅಲ್ಲಿ ಬಿರುಕು ಬಂದರೆ ಬುಷ್ ಬದಲಿಸಿದ ಹಾಗೆ ಬದಲಿಸಲು ಆಗುವುದಿಲ್ಲ. ಪಾಂಡವಪುರದ ಆಚೆಯ ರಸ್ತೆಗೆ ನೈಲಾನ್ ಹಾಕಿದರೆ ಅಮ್ಮನ ಬೆನ್ನಿಗೂ ಗಾಡಿಯ ಬೆನ್ನಿಗೂ ಒಂದೇ ಶಿಕ್ಷೆ. ಖಂಡಿತ ಬೇಡ.

ಮೊದಲ ಪ್ರಶ್ನೆ. ಎರಡು ಮಾತ್ರ ಬದಲಿಸಿದರೆ ಗಾಡಿ ಓಡುತ್ತದೆ. ಆದರೆ ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ನಾವು ಗಟ್ಟಿತನವನ್ನು ಶೋರ್ ಎ ಅನ್ನುವ ಅಳತೆಯಲ್ಲಿ ನೋಡುತ್ತೇವೆ. ಒಂದು ಸಣ್ಣ ಗಡಿಯಾರದಂಥ ಸಾಧನ, ಸೂಜಿ ಒತ್ತಿದರೆ ಅಂಕಿ ತೋರಿಸುತ್ತದೆ. ಈ ಥರದ ಬುಷ್‌ಗಳ ರಬ್ಬರ್ ಸಾಮಾನ್ಯವಾಗಿ 50ರಿಂದ 65ರ ಆಸುಪಾಸು ಇರುತ್ತದೆ. ಪಾಲಿ 70ರಿಂದ 95ರ ತನಕವೂ ಹೋಗುತ್ತದೆ. ನಿಮ್ಮ ಹಿಂದಿನ ಎರಡು ಬುಷ್ ಹರಿದಿಲ್ಲ ನಿಜ, ಆದರೆ ಹೊಸದಿದ್ದಾಗಿನ ಮೆತ್ತನೆಯ ಗುಣ ಅವಕ್ಕೆ ಉಳಿದಿರುವುದಿಲ್ಲ. ಮುಂದೆ ಮೆತ್ತಗಿನವು, ಹಿಂದೆ ಗಟ್ಟಿಯವು ಇದ್ದರೆ ಏಟು ಸರಿಸಮ ಹಂಚಿಹೋಗುವುದಿಲ್ಲ. ಹೇಗೂ ಸಬ್‌ಫ್ರೇಮ್ ಇಳಿಸುವ ಕೂಲಿ ಕೊಡುತ್ತೀರಿ. ನಾಲ್ಕೂ ಬದಲಿಸಿ.

ಗಟ್ಟಿತನದ ಅಂಕಿಯೊಂದನ್ನೇ ನಂಬಬೇಡಿ. 60 ಬರುವ ಎರಡು ರಬ್ಬರ್ ತುಂಡು ಕೊಟ್ಟರೆ ಒಂದು ಹತ್ತು ವರ್ಷ ಬರಬಹುದು, ಇನ್ನೊಂದು ಒಂದು ವರ್ಷ. ನಿಮ್ಮ ತಂದೆಯವರ ಡೈರಿಯ 14 ತಿಂಗಳ ಕಥೆ ಓದಿದಾಗಲೇ ನನಗೆ ಅನ್ನಿಸಿತು. 'ಕಿತ್ತು ಬಂದಿದೆ' ಅಂತ ಬರೆದಿದ್ದಾರೆ, 'ಹರಿದಿದೆ' ಅಂತಲ್ಲ. ನೋಡಿ ಬರೆದಿದ್ದಾರೆ ಅವರು. ಬುಷ್‌ನಲ್ಲಿ ರಬ್ಬರನ್ನು ಕಬ್ಬಿಣಕ್ಕೆ ಅಂಟಿಸಿಯೇ ಬೇಯಿಸುತ್ತಾರೆ. ಕಬ್ಬಿಣವನ್ನು ಚೆನ್ನಾಗಿ ಶುಚಿ ಮಾಡಿ, ಅಂಟು ಬಳಿದು, ಆಮೇಲೆ ಅಚ್ಚಿನಲ್ಲಿ ಗಂಧಕ ಬೆರೆಸಿದ ರಬ್ಬರ್ ತುಂಬಿ ಕಾಯಿಸಬೇಕು. ಶುಚಿ ಮಾಡುವುದರಲ್ಲಿ ಕೈ ಬಿಗಿ ಹಿಡಿದರೆ ರಬ್ಬರ್ ಎಷ್ಟೇ ಒಳ್ಳೆಯದಿದ್ದರೂ ಕಿತ್ತು ಬರುತ್ತದೆ. ಕಡಿಮೆ ಬೆಲೆಯ ಮಾಲಿನಲ್ಲಿ ಉಳಿತಾಯ ಮಾಡುವುದು ಇಂಥ ಕಣ್ಣಿಗೆ ಕಾಣದ ಕೆಲಸದಲ್ಲೇ. ಅಂಗಡಿಯಲ್ಲಿ ಕೈಗೆ ತಗೊಂಡಾಗ ರಬ್ಬರ್ ಕಬ್ಬಿಣ ಸೇರುವ ಗೆರೆಯನ್ನು ಸುತ್ತಲೂ ಉಗುರಿನಲ್ಲಿ ಎಬ್ಬಿಸಿ ನೋಡಿ. ಒಂದು ಕಡೆ ಸಂದು ಕಂಡರೂ ವಾಪಸ್ ಕೊಡಿ. ಅಚ್ಚಿನಲ್ಲಿ ಮಾಡಿದ ಎಷ್ಟೋ ಮಾಲಿನ ಮೇಲೆ ಸಣ್ಣ ವೃತ್ತ, ಅದರಲ್ಲಿ ಬಾಣ, ಸುತ್ತ ತಿಂಗಳ ಅಂಕಿ ಇರುತ್ತವೆ. ಅದು ತಯಾರಾದ ತಿಂಗಳು, ವರ್ಷದ ಗುರುತು. ಅಂಗಡಿ ಗಾಜಿನ ಹಿಂದೆ ವರ್ಷಗಟ್ಟಲೆ ಬಿಸಿಲು ತಿಂದ ಬುಷ್ ಹೊಸ ಡಬ್ಬದಲ್ಲಿದ್ದರೂ ಹಳೆಯದೇ.

ಇನ್ನೊಂದು ಮಾತು ಮರೆಯಬೇಡಿ. ಡಿಫರೆನ್ಷಿಯಲ್ ಮೂತಿ ಏಳುತ್ತದೆ ಅಂದಿರಿ. ಅದರ ಸೀಲ್‌ಗಳಿಂದ ಎಣ್ಣೆ ಜಿನುಗುತ್ತಿದೆಯಾ? ಸಹಜ ರಬ್ಬರ್‌ಗೆ ಖನಿಜ ಎಣ್ಣೆ ವಿಷ. ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಬೆರಳಲ್ಲಿ ಪುಡಿ ಆಗುತ್ತದೆ. ಎಣ್ಣೆ ನಿಲ್ಲಿಸದೆ ಹೊಸ ಮೌಂಟ್ ಹಾಕಿದರೆ ಅದೂ ಹೋಗುತ್ತದೆ. ಇದೇ ಕಾರಣಕ್ಕೆ ಬುಷ್ ಒತ್ತಿ ಕೂರಿಸುವಾಗ ಜಾರಲಿ ಅಂತ ಗ್ರೀಸ್, ಎಂಜಿನ್ ಆಯಿಲ್ ಹಚ್ಚಲು ಬಿಡಬೇಡಿ. ಸೋಪಿನ ನೀರು ಸಾಕು.

ಮಂಡ್ಯದ ಮೆಕ್ಯಾನಿಕ್

ಹಿರಿಯರು ಹೇಳಿದ್ದನ್ನು ನನ್ನ ಹುಡುಗರಿಗೂ ಓದಿ ಹೇಳಿದೆ. ನಮ್ಮಲ್ಲೂ ಗ್ರೀಸ್ ಹಚ್ಚುವ ಅಭ್ಯಾಸ ಇತ್ತು. ಇವತ್ತಿಂದ ಬಿಟ್ಟೆವು.

ಅಕ್ಕ, ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತಿರಿ. ಹಳೆ ಬುಷ್ ತೆಗೆಯಲು ಗ್ಯಾಸ್ ಬೆಂಕಿ ಬಿಟ್ಟು ಸುಡುವವರಿದ್ದಾರೆ. ಈ ಗಾಡಿಯ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಬೆನ್ನಿಗೆ, ಸಬ್‌ಫ್ರೇಮ್‌ಗೆ ನೇರ ಮೇಲೆ. ಗಾಡಿ ಕೆಳಗೆ ಬೆಂಕಿ ತರಲು ಬಿಡಲೇಬೇಡಿ. ಉದ್ದ ಬೋಲ್ಟ್, ದಪ್ಪ ವಾಷರ್, ಸರಿಯಾದ ಅಳತೆಯ ಪೈಪ್ ತುಂಡು ಇದ್ದರೆ ಎಳೆದು ತೆಗೆಯಬಹುದು. ಸಬ್‌ಫ್ರೇಮ್ ಇಳಿಸುವಾಗ ಬ್ರೇಕ್ ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್, ಎಬಿಎಸ್ ವೈರ್ ಮೂರನ್ನೂ ನೋಡಿಕೊಂಡು ಇಳಿಸಬೇಕು. ಜಗ್ಗಿದರೆ ಹೊಸ ತಲೆನೋವು. ಹಳೆ ಬುಷ್ ಯಾವ ದಿಕ್ಕಿಗೆ ಕೂತಿತ್ತು ಅಂತ ತೆಗೆಯುವ ಮೊದಲೇ ಪೇಂಟ್ ಗುರುತು ಹಾಕಿಸಿ. ಒಳಗೆ ಖಾಲಿ ಜಾಗ ಬಿಟ್ಟಿರುವ ಬುಷ್ ಆದರೆ ಅದನ್ನು ತಿರುಗಿಸಿ ಹಾಕಿದಾಗ ಮೆತ್ತಗಿರಬೇಕಾದ ದಿಕ್ಕಿಗೆ ಗಟ್ಟಿಯಾಗುತ್ತದೆ.

ಲಿಂಕ್‌ಗಳ ಬೋಲ್ಟ್ ಸಡಿಲಿಸಿದ್ದರೆ ಗಾಡಿ ಚಕ್ರದ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಗಾಡಿ ಕೆಳಗಿಳಿದ ಕ್ಷಣವೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್. ಮುಂದಿನ ಎರಡಕ್ಕೆ ಮಾತ್ರ ಮಾಡಿ ಕಳಿಸಿದರೆ ಒಪ್ಪಬೇಡಿ. ನಿಮ್ಮ ಜರುಗಾಟದ ಉತ್ತರ ಹಿಂದಿನ ಟೋ ಅಳತೆಯಲ್ಲಿದೆ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿ ನಿಂತಿದೆ ಅನ್ನುವುದರಲ್ಲಿ.

ಲೆಕ್ಕದ ಟೀಚರ್, ಕುವೆಂಪುನಗರ

ಐದು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಪರೀಕ್ಷೆ ಪೇಪರ್ ತಿದ್ದುವ ಕೆಲಸ ಇತ್ತು.

ಲೆಮ್‌ಫೋರ್ಡರ್ ರಬ್ಬರ್ ಬುಷ್ ನಾಲ್ಕು, ಡಿಫರೆನ್ಷಿಯಲ್ ಮೌಂಟ್, ಸೀಲ್ ಎರಡು ತರಿಸಿದೆ. ಬರಲು 24 ದಿನ ಹಿಡಿಯಿತು. ಡಬ್ಬ ಬಿಚ್ಚಿ ಸುತ್ತಲೂ ಉಗುರು ಹಾಕಿ ನೋಡಿದೆ. ಎಲ್ಲೂ ಸಂದಿಲ್ಲ. ಬಾಣದ ಗುರುತೂ ಇತ್ತು, ಹೋದ ವರ್ಷದ್ದು.

ಕೆಲಸಕ್ಕೆ ಎರಡು ದಿನ. ನಾನು ರಜೆ ಹಾಕಿ ನಿಂತಿದ್ದೆ. ಹಿರಿಯರು ಹೇಳಿದ್ದು ನೂರಕ್ಕೆ ನೂರು ನಿಜವಾಯಿತು. ಡಿಫರೆನ್ಷಿಯಲ್ ಎಡಗಡೆಯ ಸೀಲ್ ಜಿನುಗುತ್ತಿತ್ತು. ಎಣ್ಣೆ ಗಾಳಿಗೆ ಹಿಂದಕ್ಕೆ ಹರಡಿ ಮೌಂಟ್ ರಬ್ಬರ್ ನೆನೆದ ಅವಲಕ್ಕಿಯ ಹಾಗಾಗಿತ್ತು. ಒತ್ತಿದರೆ ಬೆರಳಿಗೆ ಕಪ್ಪು ಅಂಟಿಕೊಂಡು ಬಂತು. ಮುಂದಿನ ಎಡ ಬುಷ್‌ನಲ್ಲಿ ನಡುವಿನ ಕಬ್ಬಿಣ ರಬ್ಬರ್‌ನಿಂದ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಹಿಂದಿನ ಎರಡು ಹರಿದಿರಲಿಲ್ಲ. ಆದರೆ ಹಳೆಯದನ್ನೂ ಹೊಸದನ್ನೂ ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತಿದಾಗ ವ್ಯತ್ಯಾಸ ತಕ್ಷಣ ಗೊತ್ತಾಯಿತು. ಬೆಂಕಿ ತರಲಿಲ್ಲ. ಸೋಪಿನ ನೀರಿನಲ್ಲೇ ಕೂತವು.

ಅಲೈನ್‌ಮೆಂಟ್ ಹಾಳೆಯಲ್ಲಿ ಹಿಂದಿನ ಟೋ ಮೊದಲು ಎಡ ಬಲ ಬೇರೆ ಬೇರೆ ತೋರಿಸುತ್ತಿತ್ತು. ಈಗ ಎರಡೂ ಒಂದೇ. ಹಾಳೆಯನ್ನು ಅಪ್ಪನ ಡೈರಿಗೆ ಅಂಟಿಸಿ, ಅವರ ಕೊನೆಯ ಸಾಲಿನ ಕೆಳಗೆ ನಾನು ಮೊದಲ ಸಲ ಬರೆದೆ. ದಿನಾಂಕ, ಕಿಲೋಮೀಟರ್, ಬುಷ್ ಮೇಲಿನ ಅಚ್ಚಿನ ನಂಬರ್.

ಶನಿವಾರ ಊರಿಗೆ ಹೋದೆವು. 80ರಲ್ಲಿ ಕಾಲು ತೆಗೆದೆ, ಗಾಡಿ ನೇರ ಹೋಯಿತು. ಮತ್ತೆ ತೆಗೆದೆ, ಮತ್ತೆ ನೇರ. ಕ್ಲಚ್ ಸದ್ದು ಹೋಗಿದೆ. ಹಂಪ್ ಸದ್ದು ಅರ್ಧ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಮಂಡ್ಯದ ತಮ್ಮ ಹೇಳಿದ ಶಾಕ್ ಅಬ್ಸಾರ್ಬರ್ ರಬ್ಬರ್ ಇನ್ನೂ ನೋಡಿಸಿಲ್ಲ. ಅಮ್ಮ ಸಾಮಾನ್ಯವಾಗಿ ಪಾಂಡವಪುರದಲ್ಲಿ ಒಂದು ಸಲ ಇಳಿದು ಓಡಾಡುತ್ತಿದ್ದರು. ಈ ಸಲ 'ನಿಲ್ಲಿಸಬೇಡ, ಹೋಗು' ಅಂದರು.

ಹಳೆ ಬುಷ್ ನಾಲ್ಕೂ ಬಿಸಾಡಿಲ್ಲ, ಹಳೆ ಬಕೆಟ್‌ನಲ್ಲಿ ಇಟ್ಟಿದ್ದೇನೆ. ಹಿರಿಯರೇ, ನಿಮಗೆ ಬೇಕಾ?

ರಬ್ಬರ್ ಕೆಲಸದವನು

ಬೇಕು ತಾಯಿ. ಹಿಂದಿನ ಎರಡನ್ನು ಖಂಡಿತ ತನ್ನಿ. ಗಟ್ಟಿತನ ಅಳೆಯುವ ಸಾಧನ ನನ್ನ ಹತ್ತಿರ ಇನ್ನೂ ಇದೆ. ಕೂಯ್ದು ಒಳಗಿನ ರಬ್ಬರ್ ಒಂದು ಅಂಕಿ, ಹೊರಗಿನದು ಒಂದು ಅಂಕಿ ಬರೆದುಕೊಡುತ್ತೇನೆ. ಡೈರಿಯಲ್ಲಿ ಅದಕ್ಕೂ ಒಂದು ಸಾಲು ಜಾಗ ಬಿಡಿ. ಎಣ್ಣೆ ಕುಡಿದ ಮೌಂಟನ್ನು ಬೇರೆ ಕವರ್‌ನಲ್ಲಿ ಕಟ್ಟಿ ತನ್ನಿ, ಉಳಿದವಕ್ಕೆ ಅಂಟಬಾರದು.